ನಾತಾಳದ ಫೋಟೋ, ಗಿರಿಜತ್ತೆಯ ತಲೆನೋವು

ನಮ್ಮ ಮನೆಯಲ್ಲಿ ಫೋಟೋ ತೆಗೆಸುವ ದಿನ ಗಿರಿಜತ್ತೆಗೆ ತಲೆನೋವು ಬರುತ್ತಿತ್ತು. ಬೇರೆ ದಿನಗಳಲ್ಲಿ ಅವಳು ತಲೆನೋವೆಂದು ಕೂತದ್ದನ್ನು ನಾನು ಕಂಡಿಲ್ಲ. ಬೆಳಗಾಗುವ ಮೊದಲೇ ಎದ್ದು ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ, ಹಿತ್ತಲಿನ ಹರಿವೆ, ಬಸಳೆ, ಬದನೆಯ ಬುಡಕ್ಕೆ ಹೊಯ್ದು, ಒಲೆ ಹಚ್ಚಿ ಗಂಜಿಗೆ ಎಸರಿಟ್ಟು, ಬಂದರದಿಂದ ಬುಟ್ಟಿ ಹೊತ್ತು ಬಂದವಳ ಬಂಗಡೆಯ ಕಿವಿರು ಎತ್ತಿ ನೋಡಿ ಆರಿಸಿ, ಕೊಯ್ದು ತೊಳೆದು ಮಸಾಲೆ ಅರೆದು, ಅಪ್ಪ ಕಚೇರಿಗೆ ಹೊರಡುವ ಹೊತ್ತಿಗೆ ಅನ್ನ ಸಾರು ಬಡಿಸಿ ಮುಗಿಸುತ್ತಿದ್ದಳು. ಜ್ವರ ಬಂದರೂ ಮಲಗುವ ಪೈಕಿಯಲ್ಲ. ಆದರೆ ಕುಮಟೆಯಿಂದ ಫೋಟೋದವರು ಮೂರು ಕಾಲಿನ ಕ್ಯಾಮೆರಾ ಹಿಡಿದು ನಮ್ಮ ಅಂಗಳಕ್ಕೆ ಬಂದರೆಂದರೆ, ಹಣೆಗೊಂದು ಬಟ್ಟೆ ಬಿಗಿದು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ‘ಗಿರಿಜೆಗೆ ತಲೆನೋವು’ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಫೋಟೋದವರು ಹೋದ ಅರ್ಧ ತಾಸಿಗೆ ಅತ್ತೆ ಎದ್ದು ಬಂದು ಎಲ್ಲರಿಗೂ ಚಹಾ ಕಾಸುತ್ತಿದ್ದಳು.

ಅತ್ತೆ ಅಪ್ಪನ ಅಕ್ಕ. ನಾನು ಹುಟ್ಟುವ ಮೊದಲೇ ಗಂಡ ತೀರಿಕೊಂಡು, ಶಿರಾಲಿಯ ಅವನ ಮನೆಯಿಂದ ಒಂದು ಟ್ರಂಕು ಹಿಡಿದುಕೊಂಡು ಹೊನ್ನಾವರದ ತವರಿಗೆ ಬಂದವಳು. ನಡುಮನೆಯ ಗೋಡೆಯಲ್ಲಿ ಸಾಲಾಗಿ ನೇತುಹಾಕಿದ್ದ ಗುಂಪು ಫೋಟೋಗಳಲ್ಲಿ ಒಂದರಲ್ಲೂ ಅವಳಿರಲಿಲ್ಲ. ಅಪ್ಪ ಅಮ್ಮನ ಮದುವೆಯದ್ದರಲ್ಲಿ ಇಲ್ಲ, ನನ್ನ ನಾಮಕರಣದ್ದರಲ್ಲಿ ಇಲ್ಲ, ಹುಬ್ಬಳ್ಳಿಯ ದೊಡ್ಡಪ್ಪನ ಹೊಸ ಮನೆ ಪ್ರವೇಶದ್ದರಲ್ಲೂ ಇಲ್ಲ. ಆ ಎಲ್ಲ ಊಟಗಳಿಗೂ ಕಾಯಿ ತುರಿದವಳು ಅವಳೇ. ಹದಿನಾಲ್ಕು ವರ್ಷದವರೆಗೂ ನಾನು ಆ ತಲೆನೋವನ್ನು ನಂಬಿದ್ದೆ. ಕೆಲವರಿಗೆ ಬಸ್ಸು ಹತ್ತಿದರೆ ವಾಂತಿ ಬರುವಂತೆ ಅತ್ತೆಗೆ ಕ್ಯಾಮೆರಾ ಕಂಡರೆ ತಲೆ ಸಿಡಿಯುತ್ತದೆ ಎಂದುಕೊಂಡಿದ್ದೆ.

ನಮ್ಮ ಅಪ್ಪ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಕೆಟ್ಟ ಮನುಷ್ಯನಲ್ಲ. ಆದರೆ ಊರಿನ ನಾಲ್ಕು ಜನ ಏನನ್ನುತ್ತಾರೆ ಎನ್ನುವುದು ಅವನಿಗೆ ಹಸಿವೆ ನಿದ್ದೆಗಿಂತ ದೊಡ್ಡದು. ಹೆಣ್ಣುಮಕ್ಕಳು ಜಗಲಿಯ ಮೇಲೆ ನಿಂತು ಜೋರಾಗಿ ನಗಬಾರದು, ಮನೆಯ ಮಾತು ಬಾವಿಕಟ್ಟೆ ದಾಟಬಾರದು, ಇನ್ನೊಬ್ಬರ ವಸ್ತು ಮುಟ್ಟಬಾರದು, ಇವು ಅವನ ಕಾಯಿದೆಗಳು. ಬಾವಿಕಟ್ಟೆಯ ಕಾಯಿದೆಯೊಂದು ಮಾತ್ರ ನಡೆಯುತ್ತಿರಲಿಲ್ಲ. ನಮಗೂ ಪಕ್ಕದ ರುಜಾಯ್ ಬಾಯಿಯವರ ಮನೆಗೂ ಒಂದೇ ಬಾವಿ. ಆ ಕಡೆಯ ರಾಟೆ ಅವರದ್ದು, ಈ ಕಡೆಯದು ನಮ್ಮದು. ರುಜಾಯ್ ಬಾಯಿ ಕ್ರಿಶ್ಚಿಯನ್ನರು. ಗಂಡ ಸಾಂತಾನ್ ಅಜ್ಜ ಹಾಸಿಗೆ ಹಿಡಿದಿದ್ದರು. ಮಗ ಇನಾಸ್ ಮಾಮ ಬೊಂಬಾಯಿಯ ಹಡಗೊಂದರಲ್ಲಿ ಅಡುಗೆಯವರು, ವರ್ಷಕ್ಕೊಮ್ಮೆ ನಾತಾಳಕ್ಕೆ ಮಾತ್ರ ಊರು. ಸೊಸೆ ಮಾರ್ಥಾ ಬಾಯಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಊರಿನ ರವಕೆ ಹೊಲಿಯುತ್ತಿದ್ದರು. ಅತ್ತೆ ಅವರೊಡನೆ ಬಾವಿಕಟ್ಟೆಯಲ್ಲಿ ಕೊಂಕಣಿಯಲ್ಲೇ ಮಾತಾಡುತ್ತಿದ್ದಳು. ನಮ್ಮ ಮನೆಯೊಳಗೆ ಇಡೀ ದಿನ ಆಡುವುದಕ್ಕಿಂತ ಹೆಚ್ಚು ಮಾತನ್ನು ಅಲ್ಲಿ ಒಂದು ಕೊಡ ತುಂಬುವುದರೊಳಗೆ ಆಡುತ್ತಿದ್ದಳು.

ನಾತಾಳದ ಸೂಟಿ ಎಂದರೆ ನಮಗೆಲ್ಲ ಶಾಲೆಗೆ ರಜೆ. ಆ ಮನೆಯವರಿಗೆ ಅದು ಕ್ರಿಸ್‌ಮಸ್ ಹಬ್ಬ. ಡಿಸೆಂಬರಿನ ಮೊದಲ ವಾರಕ್ಕೆ ಗೋಡೆಗಳಿಗೆಲ್ಲ ಹೊಸ ಸುಣ್ಣ ಬೀಳುತ್ತಿತ್ತು. ಬಿದಿರಿನ ಸೀಳು ಕಟ್ಟಿ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ ಮಾವಿನ ಟೊಂಗೆಗೆ ಏರುತ್ತಿತ್ತು. ಕಾಯಿ ಬೆಲ್ಲ ತುಂಬಿದ ನೆವ್ರಿಗಳ ಅಂಚು ಮಡಚಲು ನಮ್ಮಮ್ಮನೂ ಅತ್ತೆಯೂ ಹೋಗಿ ಕೂರುತ್ತಿದ್ದರು. ಇನಾಸ್ ಮಾಮ ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸಿನಲ್ಲಿ ಇಳಿದು, ಮೊದಲು ಸಾಂತಾನ್ ಅಜ್ಜನ ಕಾಲು ಮುಟ್ಟಿ, ಆಮೇಲೆ ಪೆಟ್ಟಿಗೆ ತೆರೆದು ಕ್ಯಾಮೆರಾ ಹೊರತೆಗೆಯುತ್ತಿದ್ದರು. ಚಹಾಪುಡಿಯ ಡಬ್ಬಿಯಷ್ಟಿದ್ದ ಕಪ್ಪು ಪೆಟ್ಟಿಗೆ. ಹೊಟ್ಟೆಗೆ ಆನಿಸಿ ಹಿಡಿದುಕೊಂಡು, ಮೇಲಿದ್ದ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಬೇಕು. ಅದರಲ್ಲಿ ಎಡಗಡೆಯವರು ಬಲಕ್ಕೂ ಬಲಗಡೆಯವರು ಎಡಕ್ಕೂ ಕಾಣುತ್ತಾರೆ. ಪಕ್ಕದ ಸಣ್ಣ ಸನ್ನೆ ಒತ್ತಿದರೆ ಟಕ್ಕೆನ್ನುತ್ತದೆ. ಒಂದು ರೋಲಿಗೆ ಹನ್ನೆರಡು ಫೋಟೋ.

ಇನಾಸ್ ಮಾಮ ತೆಗೆದ ಫೋಟೋಗಳಲ್ಲಿ ಯಾರದಾದರೂ ತಲೆ ಹಾರಿರುತ್ತಿತ್ತು, ಇಲ್ಲವೇ ಎಲ್ಲರ ಮುಖ ಕಪ್ಪಾಗಿ ಹಿಂದಿನ ಆಕಾಶ ಬೆಳ್ಳಗಾಗಿರುತ್ತಿತ್ತು. ಅದು ಹೋಗಲಿ, ರುಜಾಯ್ ಬಾಯಿಯವರ ದುಃಖ ಬೇರೆಯೇ ಇತ್ತು. ಮಗ ವರ್ಷವಿಡೀ ಸಮುದ್ರದ ಮೇಲೆ. ಅವನ ಮುಖ ನೋಡೋಣವೆಂದು ಫೋಟೋ ತೆಗೆದರೆ ಅದರಲ್ಲಿ ಅವನೊಬ್ಬನೇ ಇಲ್ಲ, ಒತ್ತುವವನೇ ಅವನಾದ್ದರಿಂದ. ನನಗೆ ಹನ್ನೆರಡಾಗಿದ್ದ ವರ್ಷ ಅವರು ಹಟ ಹಿಡಿದು, ಸಾಂತಾನ್ ಅಜ್ಜನನ್ನು ಕುರ್ಚಿಯಲ್ಲಿ ಎತ್ತಿಸಿಕೊಂಡು ಬಂದು ಅಂಗಳದಲ್ಲಿ ಕೂರಿಸಿದರು. ಬೇಲಿಯ ಹತ್ತಿರ ನೋಡುತ್ತ ನಿಂತಿದ್ದ ನನ್ನನ್ನು ಕರೆದರು.

‘ಲೀಲೆ, ಬಾ ಇಲ್ಲಿ. ಇದನ್ನ ಒತ್ತೂಕೆ ನಿಂಗೆ ಆಗ್ತದಾ?’

‘ಆಗ್ತದೆ’ ಅಂದೆ. ಆಗುವುದಿಲ್ಲ ಎಂದು ಹೇಳುವುದು ನನಗೆ ಆಗಲೂ ಗೊತ್ತಿರಲಿಲ್ಲ.

ಒತ್ತಿದೆ. ಖುಷಿಗೆ ಇಡೀ ಮೈ ಅಲುಗಿತು, ಮೈಯ ಜೊತೆ ಕ್ಯಾಮೆರಾವೂ. ಇನಾಸ್ ಮಾಮ ಹಡಗಿಗೆ ಹೋದ ಮೇಲೆ ಕುಮಟೆಯಿಂದ ಫೋಟೋ ತೊಳೆದು ಬಂತು. ಅದರಲ್ಲಿ ಮನುಷ್ಯರಿರಲಿಲ್ಲ. ಹಸಿ ಸೌದೆಯಿಂದ ಏಳುವಂಥ ಹೊಗೆಯ ನಾಲ್ಕು ಕಂಬಗಳಿದ್ದವು. ಕೂತಿರುವ ಹೊಗೆ ಸಾಂತಾನ್ ಅಜ್ಜ ಎಂದು ಅಂದಾಜು ಮಾಡಬೇಕಿತ್ತು. ಆ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು. ಮಗನೂ ಅಪ್ಪನೂ ಜೊತೆಗಿದ್ದ ಫೋಟೋ ಅದೊಂದೇ. ರುಜಾಯ್ ಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಪ್ರಾರ್ಥನೆ ಪುಸ್ತಕದೊಳಗೆ ಇಟ್ಟರು. ನನಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅಪ್ಪ ಬಿಡಲಿಲ್ಲ. ಊಟಕ್ಕೆ ಕೂತಾಗ, ಎಲ್ಲರ ಎದುರು ಹೇಳಿದ.

‘ಹೆಣ್ಣು ಹುಡ್ಗಿ ಕೈಯಲ್ಲಿ ಕೊಡೂ ವಸ್ತುವಾ ಅದು? ಇನ್ನು ಮುಟ್ಟಿದ್ರೆ ಕೈ ಮುರಿತೆ.’

ಅವನು ಹಾಗೆ ಹೇಳದಿದ್ದರೆ ನಾನು ಬಹುಶಃ ಮತ್ತೆ ಮುಟ್ಟುತ್ತಿರಲಿಲ್ಲ. ಗಂಜಿಯ ಬಟ್ಟಲು ಎತ್ತಿ ಪೂರ್ತಿ ಕುಡಿದು ಕೆಳಗಿಟ್ಟು, ಕಲಿತೇ ಕಲಿಯುತ್ತೇನೆ ಎಂದು ನಿಶ್ಚಯಿಸಿದೆ.

ಉಪ್ಪುಗಾಳಿಗೆ ಹಾಳಾಗುತ್ತದೆಂದು ಇನಾಸ್ ಮಾಮ ಆ ಸಲ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟುಹೋಗಿದ್ದರು. ಮಧ್ಯಾಹ್ನ ಅಪ್ಪ ಕಚೇರಿಯಲ್ಲಿರುವಾಗ ಮಾರ್ಥಾ ಬಾಯಿಯವರ ಹತ್ತಿರ ಹೋಗಿ ಕೇಳಿದೆ. ಅವರು ಯಂತ್ರ ತುಳಿಯುವುದನ್ನು ನಿಲ್ಲಿಸದೆ ಕಪಾಟಿನ ಕಡೆ ಗದ್ದ ಆಡಿಸಿದರು. ಒಳಗೆ ರೋಲಿರಲಿಲ್ಲ. ಖಾಲಿ ಕ್ಯಾಮೆರಾದಲ್ಲಿ ನಾನು ಬಾವಿಯ ಫೋಟೋ ತೆಗೆದೆ, ಕೋಳಿಯದ್ದು ತೆಗೆದೆ, ಒಣಹಾಕಿದ ಬಟ್ಟೆಯದ್ದು ತೆಗೆದೆ. ಟಕ್, ಟಕ್, ಟಕ್. ಎರಡು ದಿನ ನೋಡಿ ಮಾರ್ಥಾ ಬಾಯಿ ಎದ್ದು ಬಂದರು. ನೀರು ತುಂಬಿದ ಚೊಂಬು ನನ್ನ ಕೈಗೆ ಕೊಟ್ಟರು.

‘ಇದನ್ನ ಹೊಟ್ಟೆಗೆ ಆನಿಸಿ ಹಿಡ್ಕೊ. ಬೆರಳು ಮಾತ್ರ ಆಡ್ಸು. ನೀರು ಅಲುಗಬಾರ್ದು. ಸೂಜಿಗೆ ದಾರ ಪೋಣಿಸುವಾಗ ಉಸಿರು ಹೆಂಗೆ ಹಿಡಿತಿ? ಹಂಗೆ.’

ಒಂದು ತಿಂಗಳು ನನ್ನ ಲಂಗ ದಿನಾ ಒದ್ದೆ. ಆಮೇಲೆ ಒಂದು ದಿನ ನೀರು ಅಲುಗಲಿಲ್ಲ. ಅತ್ತೆ ಬಾವಿಯ ಈ ಕಡೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಅಪ್ಪನಿಗೆ ಹೇಳಲಿಲ್ಲ. ‘ಲಂಗ ಎಂತಕೆ ಒದ್ದೆ?’ ಎಂದು ಅಪ್ಪ ಕೇಳಿದಾಗ ‘ನೀರು ಸೇದ್ಲಿಕ್ಕೆ ನಾನೇ ಹೇಳಿದ್ದೆ’ ಅಂದಳು.

ಮುಂದಿನ ನಾತಾಳಕ್ಕೆ ಇನಾಸ್ ಮಾಮ ಬಂದಾಗ ಮತ್ತೆ ಒತ್ತುವವರು ಯಾರು ಎಂಬ ಮಾತು ಬಂತು. ಅವರು ನನ್ನ ಕಡೆ ನೋಡಿ ಅನುಮಾನಿಸಿದರು. ಕಪ್ಪು ಸೀರೆಯಲ್ಲಿ ಕೂತಿದ್ದ ರುಜಾಯ್ ಬಾಯಿ, ಆ ಹೊಗೆಯ ಫೋಟೋ ಬಂದಂದಿನಿಂದ ಮೊದಲ ಸಲ ಅದರ ಮಾತೆತ್ತಿದರು.

‘ಅವಳಿಗೇ ಕೊಡು. ಹಾಳು ಮಾಡಿದವಳಿಗೆ ಗೊತ್ತಿರ್ತದೆ, ಎಲ್ಲಿ ಹಾಳಾಗ್ತದೆ ಅಂತ.’

ಆ ವರ್ಷ ಹೊಗೆ ಬರಲಿಲ್ಲ. ಎಲ್ಲರೂ ಇದ್ದರು, ಕಾಲಿನ ಬೆರಳುಗಳೂ ಎಣಿಸುವಂತಿದ್ದವು. ಆದರೆ ನೆತ್ತಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ತುಟಿ ಬಿಗಿದು, ಯಾರೋ ಹಿಡಿದು ನಿಲ್ಲಿಸಿದ ಕಳ್ಳರ ಹಾಗೆ ನಿಂತಿದ್ದರು. ರೋಲನ್ನು ತೊಳೆಸಲು ಮಾರ್ಥಾ ಬಾಯಿ ಕುಮಟೆಗೆ ಹೊರಟಾಗ ನಾನೂ ಹೊರಟೆ. ಹೊಲಿಗೆಯ ದಾರ ಗುಂಡಿ ತರಲು ಎಂದು ಅತ್ತೆ ಅಪ್ಪನಿಗೆ ಸುಳ್ಳು ಹೇಳಿದಳು. ಬಸ್ಸು ಹಳದೀಪುರ ದಾಟುವವರೆಗೂ ಯಾರಿಗೂ ಕಾಣದಂತೆ ತಲೆ ಬಗ್ಗಿಸಿ ಕೂತಿದ್ದೆ. ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದೆ. ತೆಂಗಿನ ಮರಗಳ ಕೆಳಗೆ ನಿಂತವರ ಮೇಲೆ ಬೆಳಕು ಹೇಗೆ ಚೂರುಚೂರಾಗಿ ಬೀಳುತ್ತದೆ, ಮನೆಯ ನೆರಳಿನಲ್ಲಿ ಕೂತವರ ಮುಖ ಹೇಗೆ ಸಮನಾಗಿ ಕಾಣುತ್ತದೆ ಎಂದು.

ಕುಮಟೆಯ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಮಾಸ್ತರು ನಮ್ಮ ಮನೆಗೆ ಮೂರು ಕಾಲಿನ ಕ್ಯಾಮೆರಾ ತರುತ್ತಿದ್ದವರೇ. ಸಪೂರ ಮನುಷ್ಯ, ಕೈಬೆರಳ ತುದಿಗಳು ಔಷಧಿಯ ನೀರಿಗೆ ಕಂದಾಗಿದ್ದವು. ತೊಳೆದ ರೋಲನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು.

‘ಇದು ಇನಾಸರ ಕೈಯಲ್ಲ. ಯಾರು ತೆಗೆದದ್ದು?’

‘ನಾನು’ ಅಂದೆ.

‘ಹೆಂಗಸ್ರು ಫೋಟೋ ತೆಗೆಸ್ಕೊಳ್ಳೂಕೆ ಬತ್ತಾರೆ. ತೆಗೆಯೂಕೆ ಬಂದವ್ರನ್ನ ನಾ ನೋಡ್ಲಿಲ್ಲ.’

‘ಈಗ ನೋಡಿ’ ಅಂದೆ. ಮಾರ್ಥಾ ಬಾಯಿ ನನ್ನ ತೋಳು ಚಿವುಟಿದರು. ಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಸ್ಟೂಲೊಂದನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ಕೂತುಕೋ ಎಂದು ಸನ್ನೆ ಮಾಡಿದರು.

ಅವರು ಕಲಿಸಿದ್ದು ಅರ್ಧ ತಾಸು. ನಾನು ಇವತ್ತಿಗೂ ಅದರಿಂದಲೇ ಬದುಕಿದ್ದೇನೆ. ಬಿಸಿಲು ಮುಖಕ್ಕೆ ಹೊಡೆಯಬಾರದು, ಎದುರಿನ ಗೋಡೆಗೆ ಹೊಡೆಯಬೇಕು, ಗೋಡೆ ಅದನ್ನು ಮೆತ್ತಗೆ ಮಾಡಿ ಮುಖಕ್ಕೆ ಕೊಡುತ್ತದೆ ಅಂದರು. ಸುಣ್ಣ ಹೊಡೆದ ಬಿಳಿ ಗೋಡೆಯಾದರೆ ಇನ್ನೂ ಚಲೋ. ಇಷ್ಟು ಆಕಾಶ ಯಾಕೆ, ಇಷ್ಟು ಅಂಗಳ ಯಾಕೆ, ನೀನೇನು ಜಾಗ ಅಳೆಯಲು ಹೋಗಿದ್ದೆಯಾ, ಎರಡು ಹೆಜ್ಜೆ ಹತ್ತಿರ ಹೋಗು ಅಂದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಡ, ಒಬ್ಬರನ್ನು ಕೂರಿಸು, ಒಬ್ಬರನ್ನು ಬಾಗಿಸು, ಒಬ್ಬರ ಕೈ ಇನ್ನೊಬ್ಬರ ಹೆಗಲ ಮೇಲಿರಲಿ, ಮನೆಯವರು ಅಂತ ಗೊತ್ತಾಗಬೇಡವಾ ಅಂದರು. ಕೊನೆಗೆ ಹೇಳಿದ್ದು ಇದು:

‘ಒಂದು ಎರಡು ಮೂರು ಅಂತ ಎಣಿಸ್ತಿ ಅಲ್ದಾ? ಎಣಿಸು. ಆದ್ರೆ ಮೂರಕ್ಕೆ ಒತ್ತಬೇಡ. ಮೂರಾದ ಮೇಲೆ ಎಲ್ರೂ ಉಸಿರು ಬಿಡ್ತಾರೆ. ಆಗ ಅವ್ರ ಮುಖ ಅವ್ರದ್ದಾಗ್ತದೆ. ಆಗ ಒತ್ತು.’

ಅದರ ಮುಂದಿನ ವರ್ಷದ ನಾತಾಳ ಸೂಟಿಗೆ ಹುಬ್ಬಳ್ಳಿಯಿಂದ ದೊಡ್ಡಪ್ಪ ಸಂಸಾರ ಸಮೇತ ಬಂದ. ಅವನ ಮಗಳಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಮನೆಗೆ ಕಳಿಸಲು ಇಡೀ ಕುಟುಂಬದ ಫೋಟೋ ಬೇಕಾಗಿತ್ತು. ಮಾಸ್ತರಿಗೆ ಮದುವೆಗಳ ಗಡಿಬಿಡಿ, ಬರಲಾಗುವುದಿಲ್ಲ ಎಂದು ತಿಳಿಸಿದ್ದರು. ನಾನು ಪಕ್ಕದ ಮನೆಯವರ ಫೋಟೋ ತೆಗೆದದ್ದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿ, ಅಪ್ಪನ ಕೈ ಮುರಿಯುವ ಮಾತು ಹಳೆಯದಾಗಿತ್ತು. ಇನಾಸ್ ಮಾಮನ ಕ್ಯಾಮೆರಾ ತಾ ಎಂದು ಅವನೇ ನನ್ನನ್ನು ಕಳಿಸಿದ. ಹದಿನಾಲ್ಕರ ನನಗೆ ಅವತ್ತು ನೆಲದ ಮೇಲೆ ಕಾಲಿರಲಿಲ್ಲ.

ನಮ್ಮ ಜಗಲಿಯ ಮೇಲೆ ಎಲ್ಲರನ್ನೂ ಜೋಡಿಸಿದೆ. ಅಜ್ಜಿಯನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದೆ. ದೊಡ್ಡಪ್ಪ, ದೊಡ್ಡಮ್ಮ, ಮದುವಣಗಿತ್ತಿ ಸುಧಕ್ಕ, ಅಪ್ಪ, ಅಮ್ಮ. ಗಾಜಿನೊಳಗೆ ಬಗ್ಗಿ ನೋಡಿದೆ. ಅಮ್ಮನ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಎರಡು ವರ್ಷ ಯಾರು ಎಲ್ಲಿರಬೇಕು ಎಂದೇ ನೋಡಿ ನೋಡಿ ನನ್ನ ಕಣ್ಣು ಹಾಗಾಗಿತ್ತೋ ಏನೋ, ಆ ಜಾಗ ಬಿಟ್ಟು ಬೇರೇನೂ ಕಾಣದಾಯಿತು.

‘ಅತ್ತೆ ಎಲ್ಲಿ?’ ಅಂದೆ.

‘ಅವಳಿಗೆ ತಲೆನೋವು’ ಅಂದಳು ಅಜ್ಜಿ.

‘ಈಗಷ್ಟೇ ಸುಧಕ್ಕನ ಜಡೆ ಹಾಕಿದ್ದು ಅವಳೇ. ಅವಳು ಬರ್ಲಿ. ಆಮೇಲೆ ಒತ್ತುತೆ.’

ದೊಡ್ಡಪ್ಪ ಅಪ್ಪನ ಮುಖ ನೋಡಿದ. ‘ಶುಭ ಕಾರ್ಯಕ್ಕೆ ಹೋಗೂ ಫೋಟೋ ಇದು. ಹುಡ್ಗಿಗೆ ತಿಳೀಲಿಕ್ಕಿಲ್ಲ, ನೀ ಹೇಳು’ ಅಂದ. ಹಲ್ಲು ಕಚ್ಚಿಕೊಂಡು ಅಪ್ಪ ಅಂದ, ‘ಲೀಲೆ, ಸುಮ್ಮನೆ ಒತ್ತು.’

ಆಗ ನನಗೆ ತಲೆನೋವಿನ ಅರ್ಥ ತಿಳಿಯಿತು. ತಿಳಿದದ್ದೇ ಬಾಯಿಗೆ ಬಂತು.

‘ಗಂಡ ಸತ್ತವರು ಇರಬಾರ್ದು ಅಂತಾದ್ರೆ ಅಜ್ಜಿಯನ್ನೂ ಎಬ್ಬಿಸಿ.’

ಅಪ್ಪ ಜಗಲಿ ಇಳಿದು ಬಂದು ನನ್ನ ಕೆನ್ನೆಗೆ ಹೊಡೆದ. ಕ್ಯಾಮೆರಾ ಬೀಳಬಾರದೆಂದು ಎರಡೂ ಕೈಯಿಂದ ಅವುಚಿಕೊಂಡಿದ್ದೆ, ಕೆನ್ನೆ ಮುಚ್ಚಿಕೊಳ್ಳಲು ಕೈ ಇರಲಿಲ್ಲ. ಅಜ್ಜಿ ಏಳುತ್ತಾಳೆ ಎಂದುಕೊಂಡಿದ್ದೆ. ಏಳಲಿಲ್ಲ. ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ನಾನು ಕ್ಯಾಮೆರಾವನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ‘ನೀವೇ ಒತ್ತಿ’ ಎಂದು ಹೇಳಿ ಹಿತ್ತಲಿಗೆ ಹೋದೆ. ಅಪ್ಪ ಒತ್ತಿದ. ಫೋಟೋ ತಕ್ಕಮಟ್ಟಿಗೆ ಬಂತು ಎನ್ನಬೇಕು. ಮದುವೆಯೂ ಚೆನ್ನಾಗಿಯೇ ಆಯಿತು. ಆದರೆ ಕುಟುಂಬದ ಆ ಫೋಟೋದಲ್ಲಿ ಮೂವರಿಲ್ಲ. ಅತ್ತೆಯಿಲ್ಲ, ನಾನಿಲ್ಲ, ಒತ್ತುತ್ತ ನಿಂತ ಅಪ್ಪನೂ ಇಲ್ಲ.

ಸಂಜೆ ಅತ್ತೆ ಬಸಳೆ ಚಪ್ಪರದ ಹತ್ತಿರ ನನ್ನನ್ನು ಹುಡುಕಿಕೊಂಡು ಬಂದಳು. ಬೆನ್ನು ಸವರುತ್ತಾಳೆ, ಒಳ್ಳೆಯ ಕೆಲಸ ಮಾಡಿದೆ ಎನ್ನುತ್ತಾಳೆ ಎಂದು ನಾನು ಕೆನ್ನೆ ಮುಂದೆ ಮಾಡಿಕೊಂಡು ಕೂತಿದ್ದೆ. ಅವಳ ಮುಖದಲ್ಲಿ ನಾನು ಎಂದೂ ನೋಡಿರದ ಸಿಟ್ಟಿತ್ತು.

‘ನನ್ನ ಹೆಸರು ಹೇಳಿ ಜಗಳ ಆಡೂಕೆ ನಿಂಗೆ ಯಾರು ಹೇಳಿದ್ರು?’

‘ತಲೆನೋವು ಸುಳ್ಳಲ್ದಾ ಅತ್ತೆ?’

‘ಸುಳ್ಳೇ. ಆ ಸುಳ್ಳು ನನ್ನದು. ಬರಬೇಡ ಅಂತ ಅವ್ರು ಹೇಳೂದಕ್ಕಿಂತ ಮೊದ್ಲು, ಬರೂದಿಲ್ಲ ಅಂತ ನಾ ಹೇಳಿದ್ದು. ಇಷ್ಟು ವರ್ಷ ಅದನ್ನೇ ಹೊದ್ದುಕೊಂಡು ಮಾನದಲ್ಲಿ ಮಲಗಿದ್ದೆ. ನೀ ಎಲ್ಲರ ಎದುರು ಎಳೆದು ಹಾಕಿದೆ.’

ನನಗೆ ಅಳು ಬಂತು. ಕೆನ್ನೆಗೆ ಬಿದ್ದದ್ದು ಏಟೇ ಅಲ್ಲ ಎನ್ನಿಸುವಷ್ಟು ಅವಳ ಮಾತು ತಾಗಿತ್ತು. ನಾನು ಅವಳಿಗೋಸ್ಕರ ಹೋರಾಡಿದ್ದೆ, ಅವಳನ್ನು ಒಂದು ಮಾತು ಕೇಳಿರಲಿಲ್ಲ. ಅತ್ತೆ ಚಪ್ಪರದಿಂದ ಬಾಗಿದ ಬಳ್ಳಿಯೊಂದನ್ನು ಮೇಲಕ್ಕೆ ಹಬ್ಬಿಸಿದಳು.

‘ಈಗ ಎಂತ ಮಾಡ್ಲಿ ಅತ್ತೆ?’

‘ಎಳೆದು ಹಾಕಿ ಆತಲ್ಲ. ಇನ್ನು ಸುಮ್ಮನೆ ಕೂಕಂಡ್ರೆ ಆಗೂದಿಲ್ಲ’ ಅಂದಳು. ‘ರೋಲಿನಲ್ಲಿ ಎಷ್ಟು ಉಳಿದಿದೆ?’

ನಾತಾಳದ ದಿನ ಚರ್ಚಿನಿಂದ ಬಂದ ಪಕ್ಕದ ಮನೆಯವರು ಎಂದಿನಂತೆ ನಮಗೆ ನೆವ್ರಿಯ ತಟ್ಟೆ ಕಳಿಸಿದರು. ತಟ್ಟೆ ಖಾಲಿ ಹಿಂದೆ ಹೋಗಬಾರದು, ಅದರಲ್ಲಿ ಏನಾದರೂ ಇಟ್ಟು ಕೊಡುವುದು ವಾಡಿಕೆ. ಆ ವರ್ಷ ಅತ್ತೆ ತಾನೇ ಬೆಳೆದ ಬದನೆಕಾಯಿಗಳನ್ನಿಟ್ಟು, ತೊಳೆದು ಮಡಚಿಟ್ಟಿದ್ದ ಬೂದು ಬಣ್ಣದ ಪಾತಲ ಸೀರೆ ಉಟ್ಟು, ತಲೆ ಬಾಚಿಕೊಂಡು, ಅಪ್ಪ ಜಗಲಿಯಲ್ಲಿ ಪೇಪರು ಓದುತ್ತಿರುವಾಗಲೇ ಅವನೆದುರಿನಿಂದ ಅಂಗಳ ಇಳಿದು ಹೋದಳು. ನಾನು ಹಿಂದೆ. ಅಪ್ಪ ತಲೆಯೆತ್ತಿದ. ಕೇಳಲು ಬಾಯಿ ತೆರೆದ. ಅತ್ತೆ ನಿಲ್ಲಲಿಲ್ಲ.

ರುಜಾಯ್ ಬಾಯಿಯವರಿಗೆ ಬೇಲಿಯಾಚೆಯಿಂದ ಅವತ್ತಿನ ಜಗಳವೆಲ್ಲ ಕೇಳಿಸಿತ್ತು. ಬದನೆಕಾಯಿ ಇಸಿದುಕೊಂಡು ಅತ್ತೆಯ ಕೈ ಬಿಡದೆ ಮೆಟ್ಟಿಲಿನ ಕಡೆ ಕರೆದುಕೊಂಡು ಹೋದರು.

‘ಒಂದು ಬಾವಿ ನೀರು ಕುಡಿದವ್ರು ನಾವು. ನನ್ನ ಮನೆ ಫೋಟೋದಲ್ಲಿ ಯಾರಿರಬೇಕು ಅಂತ ನಾ ಹೇಳ್ತೆ.’

ಹತ್ತು ಗಂಟೆಯ ಬಿಸಿಲು ಅವರ ಮೆಟ್ಟಿಲಿಗೆ ಬೀಳುತ್ತಿರಲಿಲ್ಲ. ಎದುರಿನ ಕೊಟ್ಟಿಗೆಯ ಹೊಸ ಸುಣ್ಣದ ಗೋಡೆಗೆ ಬಿದ್ದು, ಅಲ್ಲಿಂದ ತಿರುಗಿ ಮೆಟ್ಟಿಲ ಮೇಲೆ ಹಾಲಿನ ಹಾಗೆ ಹರಡಿತ್ತು. ನಾನು ರುಜಾಯ್ ಬಾಯಿಯವರನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿದೆ. ಅವರ ಮಗ್ಗುಲಲ್ಲಿ ಅತ್ತೆ. ಕೆಳಗಿನ ಮೆಟ್ಟಿಲಲ್ಲಿ ಮಾರ್ಥಾ ಬಾಯಿ, ಎಲ್ಲರ ಹಿಂದೆ ಬಾಗಿ ನಿಂತ ಇನಾಸ್ ಮಾಮ. ಎರಡು ಹೆಜ್ಜೆ ಹತ್ತಿರ ಹೋದೆ. ಅತ್ತೆಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜೀವಮಾನದಲ್ಲಿ ಅವಳ ಕೈ ಖಾಲಿ ಇದ್ದದ್ದೇ ಕಡಿಮೆ. ರುಜಾಯ್ ಬಾಯಿ ಅದನ್ನು ಎತ್ತಿ ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡರು. ಉಸಿರು ಹಿಡಿದೆ. ಒಂದು, ಎರಡು, ಮೂರು. ಒತ್ತಲಿಲ್ಲ. ಬಿಗಿದುಕೊಂಡಿದ್ದ ಇನಾಸ್ ಮಾಮ ಬೆನ್ನು ಸಡಿಲಿಸಿ ಕೊಂಕಣಿಯಲ್ಲಿ ಗೊಣಗಿದರು, ಹಡಗಿನಲ್ಲಿ ನೂರು ಜನಕ್ಕೆ ಅಡುಗೆ ಮಾಡಿದರೂ ಹೀಗೆ ಸೊಂಟ ನೋಯುವುದಿಲ್ಲ ಎಂದು. ಅತ್ತೆ ನಕ್ಕಳು. ಹಲ್ಲು ಕಾಣುವ ಹಾಗೆ, ಕುತ್ತಿಗೆ ಹಿಂದೆ ಹಾಕಿ ನಕ್ಕಳು. ಒತ್ತಿದೆ. ತೊಳೆದು ನೋಡುವ ಮೊದಲೇ ಫೋಟೋ ಬಂದಿದೆ ಎಂದು ನನಗೆ ಗೊತ್ತಾದದ್ದು ಅದೇ ಮೊದಲು.

ಕುಮಟೆಯ ಮಾಸ್ತರು ಅದನ್ನು ನೋಡಿ ಹೊಗಳಲಿಲ್ಲ. ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ದೊಡ್ಡದು ಮಾಡಿ ಇಡಲೇ ಎಂದು ಮಾತ್ರ ಮಾರ್ಥಾ ಬಾಯಿಯವರನ್ನು ಕೇಳಿದರು. ಇಡಿ ಎಂದರು ಅವರು. ಹದಿನೈದು ದಿನ ಕಳೆದಿರಬೇಕು. ಅಪ್ಪನ ಕಚೇರಿಯ ಯಾರೋ ಕೆಲಸದ ಮೇಲೆ ಕುಮಟೆಗೆ ಹೋಗಿ ಬಂದವರು, ‘ನಿಮ್ಮ ಅಕ್ಕ ಕುಮಟೆ ಪೇಟೆಯಲ್ಲಿ ಹಲ್ಲು ಬಿಟ್ಕೊಂಡು ಕೂತಿದ್ದಾರಲ್ಲ’ ಎಂದು ಎಲ್ಲರೆದುರು ನಕ್ಕರಂತೆ. ಅಪ್ಪ ಅವತ್ತು ಮಧ್ಯಾಹ್ನವೇ ಮನೆಗೆ ಬಂದ. ಕೂಗಾಡಿದ. ಮಾನ ಮರ್ಯಾದೆಯ ಲೆಕ್ಕ ಒಪ್ಪಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಎಲ್ಲವನ್ನೂ ಕೇಳಿದಳು.

‘ನಾಳೆ ಕುಮಟೆಗೆ ಹೋಗಿ ಅದನ್ನ ತೆಗೆಸ್ತೆ’ ಅಂದ ಅಪ್ಪ.

‘ನಾನೂ ಬತ್ತೆ’ ಅಂದಳು ಅತ್ತೆ. ‘ನಾ ಇನ್ನೂ ನೋಡ್ಲಿಲ್ಲ.’

ಅತ್ತೆ ಬರುತ್ತಾಳೆಂದ ಮೇಲೆ ನಾನು ಯಾರನ್ನೂ ಕೇಳಲಿಲ್ಲ, ಬಸ್ಸು ಹತ್ತಿದೆ. ಅಪ್ಪ ಮುಂದಿನ ಸೀಟಿನಲ್ಲಿ, ನಾವಿಬ್ಬರು ಹಿಂದೆ. ಕುಮಟೆಯ ಅಂಗಡಿಯ ಮುಂದೆ ಮೂವರೂ ನಿಂತೆವು. ಗಾಜಿನೊಳಗೆ ಮದುಮಕ್ಕಳ, ಪಾಸಾದ ಹುಡುಗರ, ತೊಟ್ಟಿಲ ಮಕ್ಕಳ ಫೋಟೋಗಳ ನಡುವೆ ನಮ್ಮ ಅತ್ತೆ ನಗುತ್ತಿದ್ದಳು. ಅಪ್ಪ ಅದನ್ನು ನೋಡಿ ಏನಂದುಕೊಂಡನೋ ನನಗೆ ಗೊತ್ತಿಲ್ಲ. ಒಳಗೆ ಹೋಗಿ ಮಾಸ್ತರಿಗೆ ಹೇಳಿದ.

‘ಅದನ್ನ ತೆಗೀರಿ. ನಮ್ಮ ಮನೆ ಹೆಂಗಸು ಅವಳು.’

ಮಾಸ್ತರು ಅಪ್ಪನ ಹೆಗಲಾಚೆ ಅತ್ತೆಯ ಕಡೆ ನೋಡಿದರು.

‘ಅಮ್ಮಾ, ಚಿತ್ರದಲ್ಲಿರೂದು ನೀವು. ನೀವು ತೆಗಿ ಅಂದ್ರೆ ಈಗ್ಲೇ ತೆಗಿತೆ.’

ಅತ್ತೆ ಇನ್ನೂ ಗಾಜಿನ ಹತ್ತಿರವೇ ಇದ್ದಳು. ತನ್ನ ಮುಖವನ್ನು ಅಷ್ಟು ದೊಡ್ಡದಾಗಿ ಅವಳು ಮೊದಲ ಸಲ ನೋಡುತ್ತಿದ್ದಳು. ಹಾಗೆಯೇ, ತಿರುಗದೆ ಹೇಳಿದಳು.

‘ಇರ್ಲಿ ಬಿಡಿ. ಚಲೋ ಬಂದಿದೆ.’

ಅಪ್ಪ ದಡದಡ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಅತ್ತೆ ಆತುರ ಮಾಡಲಿಲ್ಲ. ಅದೇ ಫೋಟೋದ ಇನ್ನೊಂದು ಪ್ರತಿಯನ್ನು ಕಟ್ಟು ಹಾಕಿಸಿ ಕೊಡಲು ಹೇಳಿದಳು. ಮುಂದಿನ ವಾರ ಮಾರ್ಥಾ ಬಾಯಿ ಅದನ್ನು ತಂದುಕೊಟ್ಟಾಗ ಅವಳು ಅರೆಯುವ ಗುಂಡುಕಲ್ಲನ್ನೇ ಎತ್ತಿಕೊಂಡು ನಡುಮನೆಗೆ ಹೋಗಿ, ಅಪ್ಪನ ಮದುವೆ ಫೋಟೋದ ಪಕ್ಕದಲ್ಲೇ ಗೋಡೆಗೆ ಮೊಳೆ ಹೊಡೆದಳು. ಅಪ್ಪ ಎರಡು ಸಲ ಆ ಮೊಳೆ ಕಿತ್ತ. ಅತ್ತೆ ಮೂರು ಸಲ ಹೊಡೆದಳು. ಮೂರನೆಯ ಸಲ ಮೊಳೆ ಹಿಡಿದುಕೊಂಡು ನಿಂತವಳು ಅಜ್ಜಿ.